ಸಿಡ್ನಿಗೆ ಇಬ್ಬರೇ ಹೊರಟಿದ್ದೇವೆ, 9 ದಿನ. ಕೋಲಾ ನೋಡಬೇಕು, ಸೇತುವೆ ನೋಡಬೇಕು. ಹೇಗೆ ಹೊಂದಿಸೋದು?

ಕೋಲಾರದ ಮಗಳು
ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಎರಡನೇ ವಾರ ನಾನು ಮತ್ತು ನಮ್ಮ ಯಜಮಾನರು ಸಿಡ್ನಿಗೆ ಹೊರಟಿದ್ದೇವೆ. ಮದುವೆಯಾಗಿ 30 ವರ್ಷ ಆಯಿತು. ಮಗಳ ಬಾಣಂತನ, ಮಗನ ಓದು, ಅತ್ತೆಯವರ ಆರೋಗ್ಯ ಅಂತ ಇಷ್ಟು ವರ್ಷ ಇಬ್ಬರೇ ಎಲ್ಲಿಗೂ ಹೋಗಿಲ್ಲ. ಧರ್ಮಸ್ಥಳಕ್ಕೆ ಹೋದರೂ ಜೊತೆಗೆ ಹತ್ತು ಜನ ಇರುತ್ತಿದ್ದರು. ವೀಸಾ ಬಂದಿದೆ, ಬೆಂಗಳೂರಿನಿಂದ ನೇರ ವಿಮಾನಕ್ಕೆ ಟಿಕೆಟ್ ಆಗಿದೆ.

ನನಗೆ ಕೋಲಾ ನೋಡಬೇಕು. ನಮ್ಮೂರು ಶ್ರೀನಿವಾಸಪುರದ ಹತ್ತಿರ. ಮನೆ ಹಿಂದೆಯೇ ನೀಲಗಿರಿ ತೋಪು ಇತ್ತು. ಉದುರಿದ ಎಲೆ ಗುಡಿಸಿ ತಂದು ಒಲೆಗೆ ಹಾಕುತ್ತಿದ್ದೆವು. ಆ ಎಲೆಗೆ ನಮ್ಮ ಮೇಕೆ ಕೂಡ ಬಾಯಿ ಹಾಕುತ್ತಿರಲಿಲ್ಲ. ಅದನ್ನೇ ತಿಂದು ಬದುಕುವ ಪ್ರಾಣಿ ಒಂದಿದೆ ಅಂತ ಏಳನೇ ಕ್ಲಾಸಿನಲ್ಲಿ ಮೇಷ್ಟ್ರು ಹೇಳಿದ್ದರು. ಅವತ್ತಿನಿಂದ ಆಸೆ. ಒಂದು ಸಲ ಎತ್ತಿಕೊಂಡು ಫೋಟೊ ತೆಗೆಸಿಕೊಳ್ಳಬೇಕು.

ಯಜಮಾನರು 31 ವರ್ಷ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಅವರಿಗೆ ಹಾರ್ಬರ್ ಬ್ರಿಜ್ ಒಂದು ತೋರಿಸಿದರೆ ಸಾಕು.

ಟ್ರಾವೆಲ್ ಏಜೆಂಟರು ಕೊಟ್ಟಿರುವ ಪ್ಯಾಕೇಜ್‌ನಲ್ಲಿ ಸಿಡ್ನಿ 2 ದಿನ, ಆಮೇಲೆ ಮೆಲ್ಬರ್ನ್, ಗೋಲ್ಡ್ ಕೋಸ್ಟ್, ಎಲ್ಲ ಸೇರಿಸಿ 9 ದಿನ. ಮೂರು ಊರಿಗೂ ಹೋಗಬೇಕಾ? ಇಲ್ಲ ಸಿಡ್ನಿಯಲ್ಲೇ ಇದ್ದರೆ ಸಾಲುತ್ತಾ? ಹೋಗಿ ಬಂದವರು ಹೇಳಿ.

ದಾರಿಹೋಕ
30 ವರ್ಷಕ್ಕೆ ಅಭಿನಂದನೆ ಅಕ್ಕ! ಏಜೆಂಟರಿಗೆ ಇನ್ನೂ ಅಡ್ವಾನ್ಸ್ ಕೊಡಬೇಡಿ.

ಟೂಂಗ್ಯಾಬಿ ವಾಸಿ
ಮೇಡಂ, ನಾನು 14 ವರ್ಷದಿಂದ ಪಶ್ಚಿಮ ಸಿಡ್ನಿಯಲ್ಲಿದ್ದೇನೆ. ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಸಿಡ್ನಿ ಇರುವುದು ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ. ಇಲ್ಲಿ ಕೋಲಾ ಎತ್ತಿಕೊಳ್ಳೋಕೆ ಕಾನೂನಿನಲ್ಲೇ ಅವಕಾಶ ಇಲ್ಲ. ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಬಹುದು, ಅಷ್ಟೇ.

ಮೂರು ಊರು ಖಂಡಿತ ಬೇಡ. ಒಂದೊಂದು ಊರು ಬದಲಾಯಿಸುವಾಗಲೂ ಪ್ಯಾಕಿಂಗ್, ಏರ್‌ಪೋರ್ಟ್, ಹೋಟೆಲ್ ಚೆಕ್‌ಇನ್ ಅಂತ ಒಂದು ದಿನ ಪೂರ್ತಿ ಹೋಗುತ್ತದೆ. ನನ್ನ ಅಪ್ಪ ಅಮ್ಮ ಬಂದಾಗ ನಾನೇ ಹಾಗೆ ಓಡಾಡಿಸಿದ್ದೆ. ವಾಪಸ್ ಹೋದ ಮೇಲೆ ಅಮ್ಮನಿಗೆ ಯಾವ ಸಮುದ್ರ ಯಾವ ಊರಿನದು ಅಂತಲೇ ನೆನಪಿರಲಿಲ್ಲ.

ಗಿರೀಶ ತುಮಕೂರು
ನಾನು ಇದನ್ನು ಒಪ್ಪಲ್ಲ. ಅಷ್ಟು ದುಡ್ಡು ಹಾಕಿ, 11 ಗಂಟೆ ವಿಮಾನದಲ್ಲಿ ಕೂತು ಹೋಗಿ ಒಂದೇ ಊರು ನೋಡಿ ಬರೋದಾ? ನಮ್ಮಂಥವರು ಮತ್ತೆ ಮತ್ತೆ ಹೋಗೋಕಾಗುತ್ತಾ? ನಾವು 2019ರಲ್ಲಿ ಪ್ಯಾಕೇಜ್‌ನಲ್ಲೇ ಹೋಗಿದ್ವಿ. ಊಟ, ಬಸ್ಸು, ರೂಮು, ಯಾವುದಕ್ಕೂ ತಲೆಕೆಡಿಸಿಕೊಳ್ಳಲಿಲ್ಲ. ದಿನಾ ಸಸ್ಯಾಹಾರಿ ಊಟ ಸಿಕ್ಕಿತು. ವಯಸ್ಸಾದವರಿಗೆ ಅದೇ ಸರಿ. ಕೋಲಾ ಎತ್ತಿಕೊಳ್ಳಲೇಬೇಕು ಅಂದರೆ ಕ್ವೀನ್ಸ್‌ಲ್ಯಾಂಡಿಗೆ ಹೋಗಬೇಕು, ಗೋಲ್ಡ್ ಕೋಸ್ಟ್ ಅಲ್ಲೇ ಇರೋದು.

ನರ್ಸಕ್ಕ
ಗಿರೀಶ್ ಅವರೇ, ಕ್ವೀನ್ಸ್‌ಲ್ಯಾಂಡಿನಲ್ಲೂ ಈಗ ಕಡಿಮೆ ಆಗುತ್ತಿದೆ. ಬ್ರಿಸ್ಬೇನಿನ ಲೋನ್ ಪೈನ್ 1927ರಲ್ಲಿ ಶುರುವಾದದ್ದು, ಕೋಲಾ ಎತ್ತಿಕೊಳ್ಳುವುದಕ್ಕೆ ಅಂತಲೇ ಹೆಸರಾದ ಜಾಗ. ಅವರೇ 2024ರಲ್ಲಿ ನಿಲ್ಲಿಸಿಬಿಟ್ಟರು. ಇನ್ನೂ ಕೆಲವು ಕಡೆ ಬಿಡುತ್ತಾರೆ. ಆದರೆ ಒಂದು ಕೋಲಾನ ದಿನಕ್ಕೆ ಅರ್ಧ ಗಂಟೆಗಿಂತ ಜಾಸ್ತಿ ಜನರ ಕೈಗೆ ಕೊಡುವ ಹಾಗಿಲ್ಲ.

ಕಾರಣ ನೀವು ಹೇಳಿದ ನೀಲಗಿರಿ ಎಲೆಯೇ ಅಕ್ಕ. ಅದರಲ್ಲಿ ಸತ್ವ ಕಡಿಮೆ, ವಿಷದ ಅಂಶ ಜಾಸ್ತಿ. ಅರಗಿಸಿಕೊಳ್ಳೋಕೆ ತುಂಬ ಹೊತ್ತು ಬೇಕು. ಅದಕ್ಕೇ ಅದು ದಿನಕ್ಕೆ 18ರಿಂದ 20 ಗಂಟೆ ಮಲಗಿರುತ್ತದೆ. ಎಲ್ಲರೂ ಸೋಮಾರಿ ಅಂತಾರೆ, ಅದು ತಪ್ಪು. ಉಳಿದಿರುವ ಚೂರು ಶಕ್ತಿಯನ್ನು ಉಳಿಸಿಕೊಳ್ಳುತ್ತಿರುತ್ತದೆ. ನಾವು ಎಬ್ಬಿಸಿ ಕೈ ಬದಲಾಯಿಸುತ್ತಿದ್ದರೆ ಅದಕ್ಕೆ ಕಷ್ಟ ಅಲ್ವಾ?

ಕೋಲಾರದ ಮಗಳು
ಇದು ಗೊತ್ತಿರಲಿಲ್ಲ. ಹಾಗಾದರೆ ಎತ್ತಿಕೊಳ್ಳುವುದು ಬೇಡ. ದೂರದಿಂದ ನೋಡಿದರೂ ಸಾಕು.

ಹಕ್ಕಿ ಹಿಂದೆ
ಒಳ್ಳೆಯ ನಿರ್ಧಾರ ಮೇಡಂ. 2022ರ ಫೆಬ್ರವರಿಯಲ್ಲಿ ನ್ಯೂ ಸೌತ್ ವೇಲ್ಸ್, ಕ್ವೀನ್ಸ್‌ಲ್ಯಾಂಡ್ ಮತ್ತು ಕ್ಯಾನ್‌ಬೆರಾ ಪ್ರದೇಶದ ಕೋಲಾಗಳನ್ನು ಅಳಿವಿನ ಅಂಚಿನ ಪಟ್ಟಿಗೆ ಸೇರಿಸಿದರು. 2019-20ರ ಕಾಡ್ಗಿಚ್ಚಿನಲ್ಲಿ ತುಂಬಾ ಸತ್ತವು. ಕಾಡು ಕಡಿದು ಮನೆ ಕಟ್ಟುವುದು, ಕಾರು, ನಾಯಿ, ರೋಗ, ಎಲ್ಲಾ ಸೇರಿ ಈ ಸ್ಥಿತಿಗೆ ಬಂದಿದೆ.

ಕಾಫಿತೋಟ
ವಿಷಯ ಸ್ವಲ್ಪ ಬೇರೆ, ಆದರೂ ಹೇಳುತ್ತೇನೆ. ನಮ್ಮ ಮೂಡಿಗೆರೆ ಕಡೆ ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸುವ ಸಿಲ್ವರ್ ಓಕ್ ಕೂಡ ಆಸ್ಟ್ರೇಲಿಯಾದ ಮರ. ಅಲ್ಲಿ ರಸ್ತೆ ಬದಿಯಲ್ಲಿ ಅದು ಮೈತುಂಬ ಹೂ ಬಿಟ್ಟು ನಿಂತಿದ್ದನ್ನು ನೋಡಿ ನಾನು ಹತ್ತು ನಿಮಿಷ ಅಲ್ಲೇ ನಿಂತುಬಿಟ್ಟೆ. ಕಿತ್ತಳೆ ಹಳದಿ ಬಣ್ಣದ ಹೂವು, ಬ್ರಷ್ಷಿನ ಹಾಗೆ. ನಮ್ಮ ತೋಟದಲ್ಲಿ ರೆಂಬೆ ಸವರಿ ಸವರಿ ಕಂಬದ ಹಾಗೆ ಬೆಳೆಸುತ್ತೇವೆ. ಹೂವನ್ನು ನಾನು ಸರಿಯಾಗಿ ನೋಡಿದ್ದೇ ಅಲ್ಲಿ. ಅದರ ತುಂಬ ಗಿಣಿಗಳು, ಜೇನು ಹೀರುತ್ತಿದ್ದವು.

ಶಿರಸಿ ಸೊಸೆ
ಮಲೆನಾಡಿನ ಅಕೇಶಿಯಾ ನೆಡುತೋಪನ್ನು ಮರೆತಿರಾ? ಅದೂ ಅಲ್ಲಿಯದೇ. ಅಲ್ಲಿ ಹಕ್ಕಿಗೆ, ಹುಳಕ್ಕೆ ಊಟ ಕೊಡುವ ಮರ. ನಮ್ಮಲ್ಲಿ ಅದರ ಕೆಳಗೆ ಹುಲ್ಲೂ ಸರಿಯಾಗಿ ಬರಲ್ಲ.

ಕೋಲಾರದ ಮಗಳು
ನಮ್ಮ ಕಡೆ ನೀಲಗಿರಿ ಕಥೆಯೂ ಇದೇ. ಬೋರ್‌ವೆಲ್ ಬತ್ತಿದ್ದಕ್ಕೆ ಎಲ್ಲರೂ ಅದನ್ನೇ ಬೈಯುತ್ತಾರೆ. 2017ರಲ್ಲಿ ಸರ್ಕಾರ ಹೊಸದಾಗಿ ನೆಡಬಾರದು ಅಂತ ಆದೇಶ ಮಾಡಿತು. ಮರದ ತಪ್ಪು ಏನಿದೆ ಹೇಳಿ. ಅದರ ಊರಲ್ಲಿ ಅದು ಹೇಗಿರುತ್ತದೆ ಅಂತ ನೋಡಬೇಕು ಅಂತಲೂ ನನಗೆ ಆಸೆ.

ಹಕ್ಕಿ ಹಿಂದೆ
ಹಾಗಾದರೆ ಬ್ಲೂ ಮೌಂಟೇನ್ಸ್ ಬಿಡಲೇಬೇಡಿ. ಸೆಂಟ್ರಲ್ ಸ್ಟೇಷನ್ನಿನಿಂದ ಕಟೂಂಬಾಕ್ಕೆ ರೈಲಿನಲ್ಲಿ ಎರಡು ಗಂಟೆ. ಎಕೋ ಪಾಯಿಂಟ್‌ನಲ್ಲಿ ನಿಂತರೆ ಎದುರಿಗೆ ತ್ರೀ ಸಿಸ್ಟರ್ಸ್ ಬಂಡೆ, ಕೆಳಗೆ ಕಣ್ಣು ಹೋದಷ್ಟು ದೂರ ನೀಲಗಿರಿ ಜಾತಿಯ ಮರಗಳ ಕಾಡು. ಎಲೆಗಳ ಎಣ್ಣೆ ಗಾಳಿಯಲ್ಲಿ ಸೇರಿ ಬೆಟ್ಟ ನೀಲಿಯಾಗಿ ಕಾಣುತ್ತದೆ ಅಂತಾರೆ. 2000ದಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಈ ಜಾತಿಯಲ್ಲಿ ಮರಗಳು ಏಳುನೂರಕ್ಕೂ ಹೆಚ್ಚು ಬಗೆ ಇವೆ, ಕೋಲಾ ತಿನ್ನುವುದು ಅದರಲ್ಲಿ ಕೆಲವನ್ನು ಮಾತ್ರ.

ಯಜಮಾನರಿಗೂ ಅಲ್ಲಿ ಒಂದಿದೆ. ಸೀನಿಕ್ ರೈಲ್ವೆ ಅಂತ, 52 ಡಿಗ್ರಿ ಇಳಿಜಾರು. ಹಿಂದೆ ಕಲ್ಲಿದ್ದಲು ಗಣಿಗೆ ಅಂತ ಮಾಡಿದ್ದ ದಾರಿ.

ಬಂಡೀಪುರ ಬಸವ
ಒಂದು ಮಾತು ಕೇಳ್ತೀನಿ. ನಮ್ಮ ಕಬಿನಿಯಲ್ಲಿ ಹುಲಿ, ಆನೆ, ಕಾಟಿ ಬಿಟ್ಟು ಕಾಂಗರೂ ನೋಡೋಕೆ ಅಷ್ಟು ದೂರ ಯಾಕೆ ಹೋಗ್ತೀರಾ? ಅದೂ ಮೃಗಾಲಯದಲ್ಲಿ.

ಹಕ್ಕಿ ಹಿಂದೆ
ಬಸವಣ್ಣ, ಕಬಿನಿ ಕಬಿನಿಯೇ. ಆದರೆ ಮೊಟ್ಟೆ ಇಟ್ಟು ಮರಿಗೆ ಹಾಲು ಕುಡಿಸುವ ಪ್ರಾಣಿ ಕಬಿನಿಯಲ್ಲಿ ಇಲ್ಲ ಅಲ್ವಾ? ಪ್ಲಾಟಿಪಸ್ ಮತ್ತು ಎಕಿಡ್ನಾ ಬಿಟ್ಟರೆ ಅಂಥದ್ದು ಜಗತ್ತಿನಲ್ಲೇ ಬೇರೆ ಇಲ್ಲ. 1799ರಲ್ಲಿ ಜಾರ್ಜ್ ಶಾ ಅನ್ನುವ ವಿಜ್ಞಾನಿ ಇಂಗ್ಲೆಂಡಿನಲ್ಲಿ ಪ್ಲಾಟಿಪಸ್ಸಿನ ಚರ್ಮ ನೋಡಿದಾಗ, ಯಾರೋ ಬಾತುಕೋಳಿ ಕೊಕ್ಕು ತಂದು ಹೊಲಿದಿದ್ದಾರೆ ಅಂತ ಅನುಮಾನಪಟ್ಟರಂತೆ. ಗಂಡು ಪ್ಲಾಟಿಪಸ್ಸಿನ ಹಿಂಗಾಲಿನಲ್ಲಿ ವಿಷದ ಮುಳ್ಳು. ನೀರಿನಲ್ಲಿ ಕಣ್ಣು ಕಿವಿ ಮೂಗು ಎಲ್ಲಾ ಮುಚ್ಚಿಕೊಂಡು, ಕೊಕ್ಕಿನಿಂದ ಹುಳುಗಳ ಮೈಯ ವಿದ್ಯುತ್ತನ್ನು ಹಿಡಿದು ಬೇಟೆ ಆಡುತ್ತದೆ.

ಕಾಂಗರೂ ಮರಿ ಹುಟ್ಟುವಾಗ ಎರಡು ಸೆಂಟಿಮೀಟರ್, ಒಂದು ಗ್ರಾಂ ತೂಕ ಕೂಡ ಇರಲ್ಲ. ಕಣ್ಣು ಕಾಣಲ್ಲ, ಆದರೂ ತಾಯಿಯ ರೋಮ ಹಿಡಿದು ತಾನೇ ಹತ್ತಿ ಚೀಲ ಸೇರುತ್ತದೆ. ಇದನ್ನು ನೋಡೋಕೆ ದೂರ ಹೋಗುವುದರಲ್ಲಿ ತಪ್ಪೇನಿದೆ?

ಬಂಡೀಪುರ ಬಸವ
ಸರಿ ಒಪ್ಪಿದೆ. ಆದರೆ ಬೋನಿನಲ್ಲಿ ನೋಡುವುದನ್ನು ಒಪ್ಪಲ್ಲ.

ಟೂಂಗ್ಯಾಬಿ ವಾಸಿ
ಬೋನಿಲ್ಲದೆ ನೋಡಬಹುದು. ಗ್ಲೆನ್‌ಬ್ರೂಕ್ ಹತ್ತಿರ ಯುರೋಕಾ ಅಂತ ಒಂದು ಬಯಲಿದೆ, ಬ್ಲೂ ಮೌಂಟೇನ್ಸ್ ನ್ಯಾಷನಲ್ ಪಾರ್ಕಿನ ಒಳಗೆ. ಸಂಜೆ ನಾಲ್ಕರ ನಂತರ ಬೂದು ಕಾಂಗರೂಗಳು ಮೇಯುತ್ತಿರುತ್ತವೆ. ಕಾರು ಬೇಕು. ಜೋರು ಮಳೆ ಬಂದರೆ ಹಳ್ಳದ ಮೇಲಿನ ದಾರಿ ಮುಚ್ಚುತ್ತಾರೆ, ಹೊರಡುವ ಮುಂಚೆ ನೋಡಿಕೊಳ್ಳಿ. ಸಿಡ್ನಿಯಿಂದ ದಕ್ಷಿಣಕ್ಕೆ ಕಾಂಗರೂ ವ್ಯಾಲಿಯಲ್ಲಿ ಬೆಂಡೀಲಾ ಅನ್ನುವ ಜಾಗ. ಅಲ್ಲಿ ಕಾಡು ವಾಂಬ್ಯಾಟ್‌ಗಳು ಸಂಜೆ ಬಿಲದಿಂದ ಎದ್ದು ಬರುತ್ತವೆ. ಮುಟ್ಟಬೇಡಿ, ಬ್ರೆಡ್ ಹಾಕಬೇಡಿ. ಅವಕ್ಕೆ ಕಜ್ಜಿ ರೋಗ ಬೇರೆ ಕಾಡುತ್ತಿದೆ.

ಬಾಡಿಗೆ ಕಾರು ಓಡಿಸೋದಾದರೆ ನಮ್ಮ ಹಾಗೇ ಎಡಗಡೆ. ಇಂಗ್ಲಿಷಿನಲ್ಲಿರುವ ನಮ್ಮ ಲೈಸೆನ್ಸ್ ನಡೆಯುತ್ತದೆ. ಶಾಲೆ ಹತ್ತಿರ ಬೆಳಿಗ್ಗೆ ಮತ್ತು ಮಧ್ಯಾಹ್ನ 40ರ ಮೇಲೆ ಹೋಗಬೇಡಿ. ಹಳ್ಳಿ ರಸ್ತೆಯಲ್ಲಿ ಕತ್ತಲಾದ ಮೇಲೆ ಓಡಿಸಲೇಬೇಡಿ, ಕಾಂಗರೂ ಅಡ್ಡ ಬರುತ್ತವೆ.

ನರ್ಸಕ್ಕ
ಕಾರು ಬೇಡ ಅಂದರೆ ಫೆದರ್‌ಡೇಲ್ ಅನ್ನುವ ಪ್ರಾಣಿ ಉದ್ಯಾನಕ್ಕೆ ಹೋಗಿ. ಬ್ಲ್ಯಾಕ್‌ಟೌನ್ ಸ್ಟೇಷನ್ನಿನಿಂದ ಬಸ್ಸು. ಎಲ್ಲಾ ಆಸ್ಟ್ರೇಲಿಯಾದ ಪ್ರಾಣಿಗಳೇ. ಮಧ್ಯಾಹ್ನ ಎಲ್ಲಾ ಮಲಗಿರುತ್ತವೆ, ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರಿ.

ಗಿರೀಶ ತುಮಕೂರು
ಟರೋಂಗಾ ಮೃಗಾಲಯ ಯಾಕೆ ಯಾರೂ ಹೇಳ್ತಿಲ್ಲ?

ಶಿರಸಿ ಸೊಸೆ
ಹೇಳುತ್ತೇನೆ. ನಾನೀಗ ಮೆಲ್ಬರ್ನಿನಲ್ಲಿರುವವಳು, ಮೊದಲು ಆರು ವರ್ಷ ಸಿಡ್ನಿಯಲ್ಲಿದ್ದೆ. ಟರೋಂಗಾದಲ್ಲಿ ಆ ಜಾಗವೇ ಅರ್ಧ ಸುಖ. 1916ರಿಂದ ಅಲ್ಲೇ ಇದೆ. ಊರ ನಡುವಿನ ಫೆರಿ ನಿಲ್ದಾಣ ಸರ್ಕ್ಯುಲರ್ ಕೀಯಿಂದ ಫೆರಿಯಲ್ಲಿ 12 ನಿಮಿಷ. ಜಿರಾಫೆಗಳ ಹಿಂದೆ ಒಪೆರಾ ಹೌಸ್ ಕಾಣುತ್ತದೆ. ಅದು ಬೆಟ್ಟದ ಮೇಲಿದೆ. ಮೇಲಿನ ಬಾಗಿಲಿಗೆ ಬಸ್ಸಿನಲ್ಲಿ ಹೋಗಿ ಕೆಳಗೆ ಇಳಿಯುತ್ತಾ ನೋಡಿ ಫೆರಿ ಹತ್ತಿಕೊಳ್ಳಿ, ಮಂಡಿ ನೋವಿರುವವರಿಗೆ ಇದು ಮುಖ್ಯ. ಎರಡೂ ಬೇಡ, ಒಂದು ನೋಡಿ. ಆಸ್ಟ್ರೇಲಿಯಾದ ಪ್ರಾಣಿ ಮಾತ್ರ ಅಂದರೆ ಫೆದರ್‌ಡೇಲ್. ಬಂದರಿನ ಜೊತೆ ನೋಡೋದಾದರೆ ಟರೋಂಗಾ.

ಕಾರವಾರಿ
ಬಂದರು ಅಂದಿರಿ, ನಾನು ಸುಮ್ಮನೆ ಕೂರಲ್ಲ. ಕಾರವಾರದ ಬಂದರು ನೋಡಿ ಬೆಳೆದವನು ನಾನು, 26 ವರ್ಷ ಹಡಗಿನಲ್ಲಿ ಕೆಲಸ ಮಾಡಿದೆ. ಎಷ್ಟೋ ಬಂದರಿಗೆ ಹೋಗಿದ್ದೇನೆ. ಸಿಡ್ನಿಗೆ ಬೆಳಗಿನ ಜಾವ ಒಳಗೆ ಬಂದದ್ದು ಇವತ್ತಿಗೂ ಕಣ್ಣ ಮುಂದಿದೆ. ಎರಡು ಕಡೆ ಬಂಡೆ, ಹೆಡ್ಸ್ ಅಂತಾರೆ. ಹೊರಗೆ ಅಲೆ ಎತ್ತಿ ಹಾಕುತ್ತಿರುತ್ತದೆ, ಒಳಗೆ ಬಂದ ಕೂಡಲೇ ನೀರು ಕೆರೆಯ ಹಾಗೆ. ಅದು ನಿಜವಾಗಿ ನದಿಯ ಕಣಿವೆ. ಹಿಮಯುಗ ಮುಗಿದು ಸಮುದ್ರ ಮೇಲೆ ಬಂದಾಗ ಮುಳುಗಿತು. ಅದಕ್ಕೇ ಅಷ್ಟು ಆಳ, ಅಷ್ಟೊಂದು ಮೂಲೆ, ಕೊಲ್ಲಿ.

ಅಕ್ಕ, ನಿಮಗೆ ಹೇಳುವುದು ಒಂದೇ. ಮ್ಯಾನ್ಲಿ ಬೀಚಿನ ಕಡೆ ಹೋಗುವ ಫೆರಿ ಹತ್ತಿ. ಹೋಗುವಾಗ ಬಲಗಡೆ ಹೊರಗೆ ಕೂರಿ, ಒಪೆರಾ ಹೌಸ್ ಕೈಗೆ ಸಿಗುವಷ್ಟು ಹತ್ತಿರ ಬರುತ್ತದೆ. ದೊಡ್ಡ ಹಳೆಯ ಫೆರಿಯಲ್ಲಿ ಅರ್ಧ ಗಂಟೆ. ಹೆಡ್ಸ್ ಎದುರಿಗೆ ಬಂದಾಗ ಹಡಗು ಸ್ವಲ್ಪ ಎದ್ದು ಬೀಳುತ್ತದೆ, ಹೆದರಬೇಡಿ. ಟೂರಿಸ್ಟ್ ಕ್ರೂಸ್‌ಗೆ ಅಷ್ಟು ದುಡ್ಡು ಕೊಡುವುದು ಬೇಡ. ಇದು ಆ ಊರಿನ ಜನ ಆಫೀಸಿಗೆ ಹೋಗುವ ಫೆರಿ.

ದಾರಿಹೋಕ
ಸೆಪ್ಟೆಂಬರಿನಲ್ಲಿ ತಿಮಿಂಗಿಲ ಕಾಣುತ್ತಾ?

ಹಕ್ಕಿ ಹಿಂದೆ
ಕಾಣುತ್ತೆ. ಹಂಪ್‌ಬ್ಯಾಕ್‌ಗಳು ಮೇ ತಿಂಗಳಿನಿಂದ ಉತ್ತರಕ್ಕೆ ಹೋಗಿ, ಮರಿ ಹಾಕಿ, ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಮರಿಗಳ ಜೊತೆ ಅಂಟಾರ್ಕ್ಟಿಕಾ ಕಡೆ ವಾಪಸ್ ಹೋಗುತ್ತವೆ. ಮ್ಯಾನ್ಲಿಯಿಂದ ಬಸ್ಸಿನಲ್ಲಿ ನಾರ್ತ್ ಹೆಡ್‌ಗೆ ಹೋಗಿ ಬಂಡೆ ಮೇಲಿಂದ ನೋಡಿ, ಬಿಟ್ಟಿ. ಮ್ಯಾನ್ಲಿಯಲ್ಲೇ ಪುಟ್ಟ ಪೆಂಗ್ವಿನ್‌ಗಳ ಒಂದು ಗುಂಪು ಇದೆ, ಒಂದು ಅಡಿ ಎತ್ತರ, ಒಂದು ಕಿಲೊ ತೂಕ. ಆ ರಾಜ್ಯದ ಮುಖ್ಯ ಭೂಮಿಯಲ್ಲಿ ಉಳಿದಿರುವ ಒಂದೇ ಗುಂಪು. ಹುಡುಕಿಕೊಂಡು ಹೋಗಬೇಡಿ, ಟಾರ್ಚ್ ಹಾಕಬೇಡಿ. ಕಾವಲಿಗೆ ಸ್ವಯಂಸೇವಕರು ಇರುತ್ತಾರೆ.

ಇನ್ನೊಂದು, ಸೆಪ್ಟೆಂಬರ್ ಅಂದರೆ ಮ್ಯಾಗ್‌ಪೈ ಗೂಡು ಕಟ್ಟುವ ಕಾಲ. ತಲೆ ಮೇಲೆ ಎರಗುತ್ತವೆ. ಟೋಪಿ ಹಾಕಿಕೊಳ್ಳಿ, ಓಡಬೇಡಿ.

ನರ್ಸಕ್ಕ
ಟೋಪಿ ಬಿಸಿಲಿಗೂ ಬೇಕು. ಗಾಳಿ ತಣ್ಣಗಿರುತ್ತದೆ, ಬಿಸಿಲು ಚುರುಕ್ ಅನ್ನುತ್ತದೆ. ನಾವು ಕಪ್ಪಗಿದ್ದೇವೆ, ಸನ್‌ಸ್ಕ್ರೀನ್ ಬೇಡ ಅಂದುಕೊಳ್ಳಬೇಡಿ.

ಅಮ್ಮನ ಕೈರುಚಿ
ಊಟದ ಬಗ್ಗೆ ಯಾರೂ ಹೇಳಿಲ್ಲ! ಚಟ್ನಿಪುಡಿ, ಉಪ್ಪಿನಕಾಯಿ, ಪುಳಿಯೋಗರೆ ಗೊಜ್ಜು ತೆಗೆದುಕೊಂಡು ಹೋಗಬಹುದಾ? ಸೂಟ್‌ಕೇಸಿನ ತಳದಲ್ಲಿಟ್ಟರೆ ಗೊತ್ತಾಗಲ್ಲ ಅಂತಾರೆ.

ಟೂಂಗ್ಯಾಬಿ ವಾಸಿ
ದಯವಿಟ್ಟು ಆ ತರ ಮಾಡಬೇಡಿ! ವಿಮಾನದಲ್ಲಿ ಕೊಡುವ ಫಾರ್ಮಿನಲ್ಲಿ ತಿನ್ನುವ ಪದಾರ್ಥ ಇದೆ ಅಂತ ಟಿಕ್ ಹಾಕಿ. ಟಿಕ್ ಹಾಕಿ ತೋರಿಸಿದರೆ ದಂಡ ಇಲ್ಲ, ಬೇಡದ್ದನ್ನು ತೆಗೆದಿಟ್ಟುಕೊಂಡು ಬಿಡುತ್ತಾರೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದೊಡ್ಡ ದಂಡ, ವೀಸಾಕ್ಕೂ ತೊಂದರೆ ಆಗಬಹುದು. ಹಸಿ ಕರಿಬೇವು, ಹಣ್ಣು, ಬೀಜ ಬೇಡವೇ ಬೇಡ. ಹಾಲಿನ ಸ್ವೀಟೂ ಬೇಡ. ನಮ್ಮ ಅತ್ತೆ ಕರಿಬೇವು ತಂದಿದ್ದರು, ಟಿಕ್ ಹಾಕಿದ್ದರು. ಅಧಿಕಾರಿ ಅದೊಂದನ್ನು ತೆಗೆದುಕೊಂಡು ಚಟ್ನಿಪುಡಿ ವಾಪಸ್ ಕೊಟ್ಟು ನಮಸ್ತೆ ಹೇಳಿ ಕಳಿಸಿದರು.

ಅಮ್ಮನ ಕೈರುಚಿ
ನಾಲ್ಕು ಎಲೆ ಕರಿಬೇವಿಗೆ ಅಷ್ಟೊಂದಾ?

ಶಿರಸಿ ಸೊಸೆ
ಅಷ್ಟೊಂದು ಯಾಕೆ ಅಂದರೆ ಅವರು ಪೆಟ್ಟು ತಿಂದಿದ್ದಾರೆ. 1859ರಲ್ಲಿ ಒಬ್ಬ ಜಮೀನ್ದಾರ ಬೇಟೆಗೆ ಅಂತ 24 ಮೊಲ ಬಿಟ್ಟ, ಅವು ದೇಶವನ್ನೇ ಮೇಯ್ದವು. 1935ರಲ್ಲಿ ಕಬ್ಬಿನ ದುಂಬಿ ತಿನ್ನಲಿ ಅಂತ ಕೇನ್ ಟೋಡ್ ಕಪ್ಪೆ ತಂದರು. ಅದು ದುಂಬಿ ಬಿಟ್ಟು ಬೇರೆಲ್ಲಾ ತಿಂದಿತು. ಅದನ್ನು ತಿಂದ ಅಲ್ಲಿಯ ಪ್ರಾಣಿಗಳು ವಿಷಕ್ಕೆ ಸತ್ತವು. ನಮ್ಮ ಕಾಡಿಗೆ ಲಂಟಾನ ಬಂದು ಏನು ಮಾಡಿದೆ ಅಂತ ಬಸವಣ್ಣನವರನ್ನು ಕೇಳಿ.

ಬಂಡೀಪುರ ಬಸವ
ಅದನ್ನು ನೆನಪಿಸಬೇಡಿ. ಬಂಡೀಪುರದಲ್ಲಿ ಹುಲ್ಲು ಇರಬೇಕಾದ ಕಡೆಯೆಲ್ಲ ಲಂಟಾನ. ಆ ದೇಶದವರು ಕರಿಬೇವು ತಡೆದರೆ ನಾನು ಅವರ ಪರ.

ನಿರ್ವಾಹಕರು
ಲಂಟಾನದ ಬಗ್ಗೆ ಬೇರೆ ಎಳೆ ಶುರು ಮಾಡಿ. ಇಲ್ಲಿ ಪ್ರವಾಸದ ಮಾತು ಇರಲಿ.

ಕೋಲಾರದ ಮಗಳು
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪ್ಯಾಕೇಜ್ ಬೇಡ ಅಂತ ಏಜೆಂಟರಿಗೆ ಹೇಳಿದೆವು. ಒಂಬತ್ತೂ ದಿನ ಸಿಡ್ನಿ. ಯಜಮಾನರು ಕೇಳುತ್ತಿದ್ದಾರೆ, ಬ್ರಿಜ್ ಹತ್ತಲೇಬೇಕಾ, ಟಿಕೆಟ್ ದುಬಾರಿ ಅಂತೆ. ಅವರಿಗೆ 61.

ಕಾರವಾರಿ
ಹತ್ತುವವರು 1998ರಿಂದ ಹತ್ತುತ್ತಿದ್ದಾರೆ. ಕಮಾನಿನ ತುದಿ ನೀರಿನಿಂದ 134 ಮೀಟರ್. ಆದರೆ ಫಿಟ್ಟರ್ ಕೆಲಸ ಮಾಡಿದವರಿಗೆ ಅದಕ್ಕಿಂತ ಒಳ್ಳೆಯ ದಾರಿ ಇದೆ. ರಾಕ್ಸ್ ಅನ್ನುವ ಹಳೆಯ ಬಡಾವಣೆ ಕಡೆಯಿಂದ ಮೆಟ್ಟಿಲು ಹತ್ತಿ ಸೇತುವೆಯ ಪೂರ್ವದ ಕಾಲುದಾರಿಯಲ್ಲಿ ನಡೆದು ಮಿಲ್ಸನ್ಸ್ ಪಾಯಿಂಟ್‌ಗೆ ಇಳಿಯಿರಿ. ದುಡ್ಡಿಲ್ಲ. ದಾರಿಯಲ್ಲೇ ಸೇತುವೆಯ ಕಲ್ಲಿನ ಗೋಪುರದೊಳಗೆ ಪೈಲಾನ್ ಲುಕ್‌ಔಟ್ ಇದೆ, 200 ಮೆಟ್ಟಿಲು. ಸೇತುವೆ ಹೇಗೆ ಕಟ್ಟಿದರು ಅಂತ ಅಲ್ಲಿ ಚಿತ್ರ ಸಮೇತ ಇಟ್ಟಿದ್ದಾರೆ. 503 ಮೀಟರ್ ಕಮಾನು, ಎರಡೂ ದಡದಿಂದ ಅರ್ಧರ್ಧ ಕಟ್ಟುತ್ತಾ ಬಂದು ನಡುವೆ ಜೋಡಿಸಿದ್ದು. ಸುಮಾರು 60 ಲಕ್ಷ ರಿವೆಟ್. ಒಂದೊಂದನ್ನೂ ಕೆಂಪಗೆ ಕಾಯಿಸಿ ಬಡಿದದ್ದು. 1932ರ ಮಾರ್ಚ್ 19ಕ್ಕೆ ಉದ್ಘಾಟನೆ.

ಗಿರೀಶ ತುಮಕೂರು
ಪ್ಯಾಕೇಜ್‌ನಲ್ಲಿ ನಮಗೆ ಸೇತುವೆ ಬಸ್ಸಿನ ಕಿಟಕಿಯಿಂದ ತೋರಿಸಿದರು. ಇಳಿದು ನಡೆಯಬಹುದು ಅಂತಲೇ ಗೊತ್ತಿರಲಿಲ್ಲ.

ಟೂಂಗ್ಯಾಬಿ ವಾಸಿ
ಓಡಾಟಕ್ಕೆ ಒಪಲ್ ಕಾರ್ಡ್ ತೆಗೆದುಕೊಳ್ಳಿ. ರೈಲು, ಬಸ್ಸು, ಫೆರಿ, ಟ್ರಾಮ್ ಎಲ್ಲಕ್ಕೂ ಅದೇ. ಹತ್ತುವಾಗ ಟ್ಯಾಪ್, ಇಳಿಯುವಾಗ ಟ್ಯಾಪ್. ದಿನಕ್ಕೆ ಇಷ್ಟೇ ಅಂತ ಮಿತಿ ಇದೆ, ಅದು ದಾಟಿದ ಮೇಲೆ ಎಷ್ಟು ಓಡಾಡಿದರೂ ದುಡ್ಡು ಹಿಡಿಯಲ್ಲ. ಶುಕ್ರವಾರ, ಶನಿವಾರ, ಭಾನುವಾರ ಆ ಮಿತಿ ಇನ್ನೂ ಕಡಿಮೆ. ದೂರದ ಕಟೂಂಬಾ, ಮ್ಯಾನ್ಲಿ ಆ ದಿನಗಳಿಗೆ ಇಟ್ಟುಕೊಳ್ಳಿ. ದೇವಸ್ಥಾನಕ್ಕೆ ಹೋಗಬೇಕು ಅನ್ನಿಸಿದರೆ ಹೆಲೆನ್ಸ್‌ಬರ್ಗ್‌ನಲ್ಲಿ ವೆಂಕಟೇಶ್ವರ ಇದ್ದಾನೆ, ಸುತ್ತ ನೀಲಗಿರಿ ಮರಗಳೇ. ಇಡ್ಲಿ ದೋಸೆಗೆ ಹ್ಯಾರಿಸ್ ಪಾರ್ಕ್ ಬಡಾವಣೆ.

ಮೂಲದ ಮಾತು
ಒಂದು ವಿಷಯ ಸೇರಿಸುತ್ತೇನೆ. ಒಪೆರಾ ಹೌಸ್ ಇರುವ ಜಾಗದ ಹೆಸರು ಬೆನೆಲಾಂಗ್ ಪಾಯಿಂಟ್. ಬೆನೆಲಾಂಗ್ ಅಲ್ಲಿಯ ಮೂಲನಿವಾಸಿ, 1792ರಲ್ಲಿ ಇಂಗ್ಲೆಂಡಿಗೂ ಹೋದವರು. 1788ರಲ್ಲಿ ಬ್ರಿಟಿಷರ ಹಡಗು ಬಂದು ನಿಂತದ್ದು ಪಕ್ಕದ ಕೊಲ್ಲಿಯಲ್ಲೇ. ಗಡಿಗಲ್ ಜನರ ನೆಲ ಅದು. ಫೋಟೊ ತೆಗೆಯುವಾಗ ಅದು ಯಾರ ಊರಾಗಿತ್ತು ಅಂತ ಒಂದು ನಿಮಿಷ ನೆನೆಯಿರಿ. ಆ ಕಟ್ಟಡದ ವಾಸ್ತುಶಿಲ್ಪಿ ಡೆನ್ಮಾರ್ಕಿನ ಯೋರ್ನ್ ಉಟ್ಸನ್ ಕೂಡ 1966ರಲ್ಲಿ ಜಗಳವಾಗಿ ಕೆಲಸ ಬಿಟ್ಟು ಹೋದರು. 1973ರಲ್ಲಿ ಅದು ಮುಗಿಯಿತು. ಅವರು ತಮ್ಮ ಕಟ್ಟಡವನ್ನು ನೋಡೋಕೆ ಮತ್ತೆ ಬರಲೇ ಇಲ್ಲ.

ಕೋಲಾರದ ಮಗಳು (ಅಕ್ಟೋಬರ್ 4)
ಹೋಗಿ ಬಂದೆವು. ಬರೆಯೋಕೆ ತಡವಾಯಿತು, ಕ್ಷಮಿಸಿ.

ಮೊದಲ ದಿನ ಸೇತುವೆ. ಯಜಮಾನರು ಕಾಲುದಾರಿಯಲ್ಲಿ ನೀರಿನ ಕಡೆ ನೋಡಲೇ ಇಲ್ಲ. ಬೂದು ಬಣ್ಣ ಬಳಿದ ರಿವೆಟ್ ತಲೆಗಳ ಸಾಲಿನ ಮೇಲೆ ಅಂಗೈ ಸವರುತ್ತಾ ನಡೆದರು. ಒಂದು ಕಡೆ ನಿಂತು, "ನೋಡು, ಒಂದೂ ಓರೆ ಇಲ್ಲ" ಅಂದರು. ಪೈಲಾನಿನ ಒಳಗೆ ಎರಡು ಗಂಟೆ ಇದ್ದೆವು. ಕೆಲಸಗಾರರು ಕಾದ ರಿವೆಟ್‌ಗಳನ್ನು ಎಸೆದು ಬಕೆಟ್ಟಿನಲ್ಲಿ ಹಿಡಿಯುತ್ತಿದ್ದರಂತೆ. ಅದನ್ನು ಓದಿ ಅವರ ಕಣ್ಣಲ್ಲಿ ನೀರು ಬಂತು. ಅವರು ಕೆಲಸಕ್ಕೆ ಸೇರಿದ ವರ್ಷ ಕೈ ಸುಟ್ಟುಕೊಂಡ ಕಥೆಯನ್ನು ನನಗೆ ಹೇಳಿದ್ದು ಅವತ್ತೇ, 30 ವರ್ಷದಲ್ಲಿ ಮೊದಲ ಸಲ.

ಒಪೆರಾ ಹೌಸ್ ದೂರದಿಂದ ಬರೀ ಬಿಳಿ. ಮೆಟ್ಟಿಲು ಹತ್ತಿ ಹತ್ತಿರ ಹೋದರೆ ಹತ್ತು ಲಕ್ಷಕ್ಕೂ ಹೆಚ್ಚು ಸಣ್ಣ ಟೈಲ್ಸ್. ಕೆಲವು ಹೊಳೆಯುವ ಬಿಳಿ, ಕೆಲವು ಹೊಳಪಿಲ್ಲದ ಕೆನೆ ಬಣ್ಣ. ಸಂಜೆ ಬಿಸಿಲಿಗೆ ಕೆನೆ ಭಾಗ ಅಲುಗದೆ ಇರುತ್ತದೆ, ಬಿಳಿ ಭಾಗ ಮಾತ್ರ ಬಣ್ಣ ಬದಲಾಯಿಸುತ್ತದೆ. ಉಟ್ಸನ್ ವಿಷಯ ಯಜಮಾನರಿಗೆ ಹೇಳಿದೆ. ಸುಮಾರು ಹೊತ್ತು ಮಾತಾಡಲಿಲ್ಲ.

ಕಾರವಾರಿ ಅಣ್ಣ, ಬಲಗಡೆಯೇ ಕೂತೆವು. ಮ್ಯಾನ್ಲಿ ಫೆರಿಗೆ ನಾಲ್ಕು ಸಲ ಹೋದೆವು. ಶೆಲ್ಲಿ ಬೀಚ್ ದಾರಿಯಲ್ಲಿ ಕಲ್ಲಿನ ಮೇಲೆ ಮೊಳಕ್ಕಿಂತ ಉದ್ದದ ಓತಿಕ್ಯಾತದಂಥವು ಬಿಸಿಲು ಕಾಯುತ್ತಿದ್ದವು, ವಾಟರ್ ಡ್ರ್ಯಾಗನ್ ಅಂತೆ. ನಾರ್ತ್ ಹೆಡ್‌ನಲ್ಲಿ ತಿಮಿಂಗಿಲ ಉಸಿರು ಬಿಟ್ಟಿದ್ದು ಎರಡು ಸಲ ಕಂಡಿತು. ಪಕ್ಕದಲ್ಲಿ ಚಿಕ್ಕದೊಂದು ಉಸಿರು, ಮರಿ.

ಕೋಲಾನ ಫೆದರ್‌ಡೇಲ್‌ನಲ್ಲಿ ನೋಡಿದೆ. ಬೆಳಿಗ್ಗೆ ಹೋದದ್ದಕ್ಕೆ ಎಚ್ಚರ ಇತ್ತು. ಹೊಸದಾಗಿ ಕಟ್ಟಿದ ಎಲೆಯ ಕಟ್ಟಿನಿಂದ ಒಂದೊಂದೇ ಎಲೆ ಮೂಗಿಗೆ ಹಿಡಿದು ಮೂಸಿ, ಕೆಲವನ್ನು ಬಿಟ್ಟು, ಒಂದನ್ನು ಆರಿಸಿ ತಿಂದಿತು. ಕೈ ಎರಡು ಹೆಬ್ಬೆರಳು ಇರುವ ಹಾಗಿದೆ. ನಾನು ಬರೀ ನೋಡಿದೆ. ಪಕ್ಕದಲ್ಲಿ ನಿಂತು ಫೋಟೊ ಕೂಡ ತೆಗೆಸಿಕೊಳ್ಳಬೇಕು ಅನ್ನಿಸಲಿಲ್ಲ.

ಕಟೂಂಬಾದಲ್ಲಿ ಉದುರಿದ ಒಂದು ಎಲೆ ಎತ್ತಿಕೊಂಡು ಅಂಗೈಯಲ್ಲಿ ಉಜ್ಜಿದೆ. ಅದೇ ವಾಸನೆ, ನಮ್ಮ ಒಲೆಯ ವಾಸನೆ. ಆದರೆ ಅಲ್ಲಿ ಮರದ ಕೆಳಗೆ ಜರೀಗಿಡ, ಹೂವಿನ ಪೊದೆ, ತೊಗಟೆ ಹರಿದು ಜೋತಾಡುವ ಕಡೆ ಹಕ್ಕಿಗಳು. ಎಲೆಯನ್ನು ಅಲ್ಲೇ ಬಿಟ್ಟು ಬಂದೆ.

ಹಕ್ಕಿ ಹಿಂದೆ
ಓದಿ ತುಂಬಾ ಖುಷಿಯಾಯಿತು ಮೇಡಂ. ವಾಂಬ್ಯಾಟ್?

ಕೋಲಾರದ ಮಗಳು
ಬೆಂಡೀಲಾಕ್ಕೆ ಟೂಂಗ್ಯಾಬಿ ಸರ್ ತಾವೇ ಕಾರಿನಲ್ಲಿ ಕರೆದುಕೊಂಡು ಹೋದರು, ಅವರ ಮನೆಯವರು ಬಿಸಿಬೇಳೆಬಾತ್ ಕಟ್ಟಿಕೊಟ್ಟಿದ್ದರು. ಐದೂವರೆಗೆ ಮೊದಲನೆಯದು ಎದ್ದು ಬಂತು. ನಮ್ಮೂರಿನ ಹಂದಿಮರಿಯ ಗಾತ್ರ, ಮೈತುಂಬ ಒರಟು ಕೂದಲು. ಹುಲ್ಲು ಹರಿಯುವ ಸದ್ದು ಕೇಳುವಷ್ಟು ಹತ್ತಿರ ಬಂತು. ನಾವು ಮೂವರೂ ಅಲ್ಲಾಡಲಿಲ್ಲ. ಅದರ ಹೊಟ್ಟೆಯ ಚೀಲದ ಬಾಯಿ ಹಿಂದಕ್ಕೆ ಇರುತ್ತದೆ, ಬಿಲ ತೋಡುವಾಗ ಮರಿ ಮೇಲೆ ಮಣ್ಣು ಬೀಳದಿರಲಿ ಅಂತ. ಸರ್ ಮೆಲ್ಲಗೆ ಹೇಳಿದರು.

ಬಂಡೀಪುರ ಬಸವ
ಇದು ಸರಿ. ಬೋನಿಲ್ಲದೆ ನೋಡಿದ್ದು.

ಗಿರೀಶ ತುಮಕೂರು
ಅಕ್ಕ, ನಾವೂ ಮತ್ತೆ ಹೋಗೋಣ ಅಂತ ಮನೆಯಲ್ಲಿ ಮಾತಾಡುತ್ತಿದ್ದೇವೆ, ಈ ಸಲ ಇಬ್ಬರೇ. ನೀವು ಉಳಿದುಕೊಂಡ ಕಡೆಯಿಂದ ಸರ್ಕ್ಯುಲರ್ ಕೀಗೆ ಎಷ್ಟು ದೂರ? ಅಡುಗೆ ಮಾಡಿಕೊಳ್ಳೋಕೆ ಇತ್ತಾ?

ಕೋಲಾರದ ಮಗಳು
ಮಿಲ್ಸನ್ಸ್ ಪಾಯಿಂಟ್ ಹತ್ತಿರ, ಸೇತುವೆಯ ಆ ಕಡೆ. ಒಂದು ಒಲೆ, ಕುಕ್ಕರ್ ಇತ್ತು, ಅನ್ನ ಸಾರಿಗೆ ಸಾಕಾಯಿತು. ನಡೆದರೆ ಅರ್ಧ ಗಂಟೆ, ರೈಲಿನಲ್ಲಿ ಎರಡನೇ ಸ್ಟಾಪ್ ಸರ್ಕ್ಯುಲರ್ ಕೀ, ನಡುವೆ ವಿನ್ಯಾರ್ಡ್‌ನಲ್ಲಿ ರೈಲು ಬದಲಾಯಿಸಬೇಕು. ಯಜಮಾನರು ದಿನಾ ನಡೆದೇ ಹೋಗೋಣ ಅಂದರು.